ತತ್ತಿ ಚೆಂಡಿನ ಕಾವಲು

ನಾನು ಹೆದರಿ, ಬೆವೆತು, ಎರಡೆರಡು ಸಲ ವಿಚಾರ ಮಾಡಿ ಕೈಹಾಕಿದ ಕೆಲಸಗಳೇ ಮಂದಿಗೆ ನಗೆಯಾಗುತ್ತ ಬಂದಿವೆ. ನಗಿಸಬೇಕೆಂದು ಹೇಳಿದ ಮಾತಿಗೆ ಮಾತ್ರ ಈವರೆಗೆ ಒಬ್ಬರೂ ನಕ್ಕಿಲ್ಲ. ಡ್ರಿಲ್ ಮಾಸ್ತರಿಕೆಯಲ್ಲೇ ತಲೆ ಬೆಳ್ಳಗಾದವನ ಹತ್ತಿರ ಇಂಥ ಪ್ರಸಂಗ ಚೀಲಗಟ್ಟಲೆ ಇರುತ್ತವೆ. ಅವುಗಳಲ್ಲಿ ನನ್ನ ಜೀವವನ್ನು ಗಂಟಲಿಗೆ ತಂದು ನಿಲ್ಲಿಸಿದವು ಮೊದಲ ವರ್ಷದವು. ಅವನ್ನಷ್ಟೇ ಹೇಳುತ್ತೇನೆ.

ಬಿಡಬೇಡ ಅಂದದ್ದು

ನಮ್ಮ ಸೀಮೆಯನ್ನು ದೇಶಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷವಾಗಿತ್ತು. ನಮ್ಮ ಕಡೆ ಜನರ ಎದೆಯ ಡವಡವ ಇನ್ನೂ ಇಳಿದಿರಲಿಲ್ಲ. ನಾಲ್ಕು ಮಂದಿ ಒಂದು ಕಡೆ ನಿಂತರೆ ಐದನೆಯವ ದಾರಿ ಬದಲಿಸುತ್ತಿದ್ದ. ಮೊದಲು ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದವರು ಈಗ ಒಬ್ಬರನ್ನೊಬ್ಬರು ಕಂಡರೆ ನೆಲ ನೋಡುತ್ತಿದ್ದರು. ಈ ಭಯ ಹೋಗಬೇಕಾದರೆ ಶಾಲೆ ಶಾಲೆಗಳು ಕೂಡಿ ಆಡಬೇಕು ಎಂದು ಮೇಲಿನಿಂದ ಹುಕುಂ ಬಂತು.

ನಾನು ಭಾಲ್ಕಿಯ ಶಾಲೆಯಲ್ಲಿ ಹಂಗಾಮಿ ಡ್ರಿಲ್ ಮಾಸ್ತರ. ಸಂತಪುರದ ಕುರಿಗಾರರ ಮನೆಯಿಂದ ಸರ್ಕಾರಿ ನೌಕರಿಗೆ ಬಂದ ಮೊದಲನೆಯವ. ಔರಾದದಲ್ಲಿದ್ದ ನಮ್ಮ ಸೋದರಮಾವ ತನ್ನ ಮಗಳನ್ನು ನನಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆದರೆ ನೌಕರಿ ಹಂಗಾಮಿ ಎಂದು ಗೊತ್ತಾದ ದಿನ ಮಾವ ಒಂದು ಮಾತು ಸೇರಿಸಿದ: "ಕಾಯಂ ಆಗ್ಲಿ, ಅಕ್ಷತಿ ಹಾಕ್ತೇನಿ. ಇಲ್ಲಾಂದ್ರ ಕುರಿ ಕಾಯೋವ್ರು ನಮ್ಮ ಓಣ್ಯಾಗೂ ಭಾಳ ಮಂದಿ ಅದಾರ."

ಕಾಯಂ ಮಾಡುವ ಕಾಗದ ತಾಲೀಮಾತ್ ಸಾಹೇಬರ ಕೈಯಲ್ಲಿತ್ತು. ಶಾಲೆಗಳ ಇನ್ಸ್‌ಪೆಕ್ಟರರನ್ನು ನಾವು ಹಾಗೆ ಕರೆಯುತ್ತಿದ್ದೆವು. ಹಳೆಯ ಕಾಲದ ಮನುಷ್ಯ, ಬೀದರಿನವರೇ, ಮಾಸಿದ ಶೇರ್ವಾನಿ. ಶೇರ್ವಾನಿಯ ಮೇಲೆ ಬೆಳ್ಳಿಯ ಗಡಿಯಾರದ ಸರಪಳಿ ಇಳಿಬಿದ್ದಿರುತ್ತಿತ್ತು, ತುದಿಯಲ್ಲಿ ಗಡಿಯಾರ ಇರುತ್ತಿರಲಿಲ್ಲ. ಆ ಗದ್ದಲದ ದಿನಗಳಲ್ಲಿ ಅವರ ಮನೆಗೆ ಮಂದಿ ನುಗ್ಗಿ, ತಂದೆಯ ಕಾಲದ ಗಡಿಯಾರದಿಂದ ಹಿಡಿದು ಅಡಿಗೆಮನೆಯ ತಪೇಲಿಯವರೆಗೆ ಒಯ್ದಿದ್ದರಂತೆ. ಸಾಹೇಬರು ಈಗಲೂ ಮರೆತು ಸರಪಳಿ ಎಳೆದು, ಖಾಲಿ ತುದಿ ನೋಡಿ, "ಟೈಮ್ ಎಷ್ಟಾತ್ರಿ ಮಾಸ್ತರ?" ಎಂದು ಕೇಳುತ್ತಿದ್ದರು. ಅವರು ಸರಪಳಿಗೆ ಕೈ ಹಾಕಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಆಡಬೇಕಾದದ್ದು ಬೀದರಿನ ಒಂದು ಮಿಷನ್ ಶಾಲೆಯ ಜೊತೆ. ಅಲ್ಲಿ ಒಬ್ಬ ಅಮೆರಿಕದ ಪಾದ್ರಿ ಸಾಹೇಬರಿದ್ದರು. ತಮ್ಮ ದೇಶದಿಂದ ಕೋಳಿ ತತ್ತಿಯ ಆಕಾರದ ತೊಗಲಿನ ಚೆಂಡು ತಂದು ತಮ್ಮ ಹುಡುಗರಿಗೆ ಆಡಲು ಕಲಿಸಿದ್ದರು. ಆಟ ಇಷ್ಟೆ: ಕಡೆಗೆ ಏಳು ಮಂದಿ. ಒಬ್ಬ ಚೆಂಡು ಹಿಡಿದು ಹಿಂದೆ ಸರಿದು ನಿಲ್ಲುತ್ತಾನೆ. ಅವನ ಕಡೆಯವರು ದಿಕ್ಕಿಗೊಬ್ಬರು ಓಡುತ್ತಾರೆ. ಓಡುವವನ ಕೈಗೆ ಚೆಂಡು ಎಸೆಯುವುದು, ಅವನು ಅದನ್ನು ಹಿಡಿದು ಸುಣ್ಣದ ಗೆರೆ ದಾಟಿದರೆ ಒಂದು ಗೆಲುವು. ಆಮೇಲೆ ಎದುರಿನವರ ಸರದಿ. ನಮ್ಮ ಸರದಿ ಬಂದಾಗ ನಾವು ಎಸೆಯುವ ತಂಟೆಗೆ ಹೋಗುತ್ತಿರಲಿಲ್ಲ, ಹೊಟ್ಟೆಗೆ ಅವುಚಿಕೊಂಡು ನುಗ್ಗುತ್ತಿದ್ದೆವು. ಕಷ್ಟವಿದ್ದದ್ದು ಅವರು ಎಸೆಯುವಾಗ. ಮಿಷನ್ನಿನ ಎಸೆಗಾರನೊಬ್ಬನಿದ್ದ. ಅವನ ಕೈಯಿಂದ ಹೊರಟ ಚೆಂಡು ಗಿರಗಿರ ತಿರುಗುತ್ತ ಹೋಗಿ ಓಡುವವನ ಅಂಗೈಯಲ್ಲಿ ಕೂತುಬಿಡುತ್ತಿತ್ತು.

"ಮೂರು ಆಟ ಇಟ್ಟೀನಿ, ಭಾಲ್ಕಿ, ಔರಾದ, ಬೀದರ," ಅಂದರು ಸಾಹೇಬರು. "ಒಂದರೆ ಗೆಲ್ಲ್ರಿ, ಕಾಯಂ ಕಾಗದಕ್ಕ ದಸ್ತಖತ್ ಹಾಕ್ತೇನಿ. ಮೂರೂ ಸೋತ್ರ ಡ್ರಿಲ್ ಮಾಸ್ತರ್ ಯಾಕ ಬೇಕು ಅಂತ ಮ್ಯಾಲಿನವ್ರು ಕೇಳ್ತಾರ. ನನ್ನ ಹಂತ್ಯಾಕ ಜವಾಬು ಇಲ್ಲ."

ಭಾಲ್ಕಿಯ ಆಟಕ್ಕೆ ನಾನು ಹುಡುಕಿದ ಉಪಾಯ ಸರಳವಾಗಿತ್ತು. ಅವರ ಓಟಗಾರ ಒಬ್ಬನಿಗೆ ನಮ್ಮವನೊಬ್ಬ, ನೆರಳಿನಂತೆ. ನಮ್ಮ ತಂಡದವರನ್ನು ಹುಡುಗರು ಅನ್ನುವಂತಿರಲಿಲ್ಲ. ಗದ್ದಲದಲ್ಲಿ ಶಾಲೆ ಮುಚ್ಚಿ ವರ್ಷಗಳು ಹೋಗಿದ್ದವು. ಹತ್ತನೇ ಇಯತ್ತೆಯಲ್ಲಿ ಒಬ್ಬನಿಗಂತೂ ಹುರಿಮೀಸೆ, ಮನೆಯಲ್ಲಿ ಹೆಂಡತಿ. ನಾವೆಲ್ಲ ಅವನನ್ನು ಮೀಸೆಯವ ಎಂದೇ ಕರೆಯುತ್ತಿದ್ದೆವು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಹೇಳದ್ದನ್ನು ಪ್ರಾಣ ಹೋದರೂ ಮಾಡುವವನಲ್ಲ.

"ನಿನ್ನ ಮನುಷ್ಯನ ಬೆನ್ನ ಬಿಡಬ್ಯಾಡ. ಎಲ್ಲಿ ಹೋಗ್ತಾನ ಅಲ್ಲಿ ಹೋಗು," ಅಂದೆ.

ಬಿಡಲಿಲ್ಲ. ಅವನ ಪಾಲಿನ ಓಟಗಾರ ನೀರು ಕುಡಿಯಲು ಹೋದರೆ ಇವನೂ ಹೋದ. ಅವನು ಕಾಲಿಗೆ ಎಣ್ಣೆ ತಿಕ್ಕಿಕೊಂಡರೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಆದರೂ ನಾವು ಸೋತೆವು, ಯಾಕೆಂದರೆ ಉಳಿದ ನಮ್ಮವರು ಓಡಿ ಓಡಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಬಿದ್ದರು. ಆಟ ಮುಗಿದು ಎಲ್ಲರೂ ಚದುರಿದರು. ಸಂಜೆ ಮೀಸೆಯವನ ಹೆಂಡತಿ ನನ್ನ ಬಾಗಿಲಿಗೆ ಬಂದು, "ಮಾಸ್ತರ್ರೀ, ನಮ್ಮ ಮನ್ಯಾಗಿನವ್ರು ಎಲ್ಲದಾರ್ರಿ?" ಅಂದಾಗ ನಾನು ಕಂದೀಲು ಹಿಡಿದು ಹೊರಬಿದ್ದೆ. ಕಾಲ ಎಂಥದು! ಗಂಡಸು ಮನೆಗೆ ಬರಲಿಲ್ಲ ಅಂದರೆ ಏನೇನೋ ಅರ್ಥವಿತ್ತು. ಊರಿನ ಬಾವಿಗಳನ್ನೆಲ್ಲ ನಾನು ಬಗ್ಗಿ ನೋಡಿದೆ.

ಮರುದಿನ ಬೆಳಿಗ್ಗೆ ಬೀದರಿನ ಬಸ್ಸಿನಿಂದ ಮೀಸೆಯವ ಇಳಿದ.

"ಎಲ್ಲಿ ಹೋಗಿದ್ದಿಯೋ?"

"ಅಂವ ಮಿಷನ್ ಮೋಟಾರ್ ಹತ್ತಿದ, ನಾನೂ ಹತ್ತಿದೆ. ಮೈಲೂರದಾಗ ಅವನ ಮನಿ. ಅವರವ್ವ ಭಾಳ ಛಲೋ ಮಂದಿ, ಊಟಕ್ಕ ಹಾಕಿದ್ಳು." ಆಮೇಲೆ ತುಸು ಸಿಟ್ಟಿನಿಂದಲೇ ಅಂದ, "ಬಿಡಬ್ಯಾಡ ಅಂದ್ರಿ. ಯಾವಾಗ ಬಿಡಬೇಕು ಅಂತ ನೀವರೆ ಎಲ್ಲಿ ಹೇಳಿದ್ರಿ?"

ಔರಾದದಲ್ಲಿ ಸತ್ತವರು

ಎರಡನೇ ಆಟ ಔರಾದದಲ್ಲಿ. ಹದಿನೈದು ದಿನ ಮೊದಲಿನಿಂದಲೇ ನನಗೆ ಅನ್ನ ಸೇರಲಿಲ್ಲ. ಔರಾದ ಅಂದರೆ ಮಾವನ ಊರು. ಆಟ ನೋಡಲು ಮಾವ ಬರುತ್ತಾನೆ, ಅವನ ಜೊತೆ ಮಗಳೂ ಬರಬಹುದು. ಸೋಲುವುದಾದರೆ ಕಾಶಿಯಲ್ಲಿ ಸೋಲಬಹುದಿತ್ತು, ಯಾರೂ ಗುರುತಿನವರಿರುವುದಿಲ್ಲ.

ಈ ಸಲ ಎಲ್ಲರೂ ಹುತುತು, ಅಂದರೆ ಕಬಡ್ಡಿ ಆಟದ ಗಟ್ಟಿಗರೇ ಇರಲಿ ಎಂದು ಆರಿಸಿದೆ. ಹುತುತುವಿನಲ್ಲಿ ನಮ್ಮ ಕಡೆಯವರನ್ನು ಹಿಡಿಯುವವರಿಲ್ಲ. ಕೈಗೆ ಕೈ ಹಿಡಿದು ಸರಪಳಿ ಮಾಡಿ ಎದುರಿನವನನ್ನು ಸುತ್ತಿ ಕೆಡವುತ್ತಾರೆ. ಚೆಂಡು ಹಿಡಿದವನನ್ನು ಕೆಡವಲು ಇದಕ್ಕಿಂತ ಏನು ಬೇಕು ಎಂದು ನನ್ನ ಲೆಕ್ಕ.

ಸರಪಳಿ ಛಲೋ ನಿಂತಿತು. ಏಳು ಮಂದಿ ಕೈಹಿಡಿದು ಮೈದಾನಕ್ಕೆ ಬೇಲಿ ಹಾಕಿದಂತೆ. ಎಸೆಗಾರ ಚೆಂಡನ್ನು ಬೇಲಿಯ ಮೇಲಿಂದ ಎಸೆದ. ಅವರ ಓಟಗಾರ ಬೇಲಿಯ ತುದಿಯಿಂದ ಸುತ್ತಿ ಹೋಗುವಾಗ ನಮ್ಮವನೊಬ್ಬನ ಭುಜಕ್ಕೆ ಅವನ ಕೈ ತಾಗಿತು. ತಾಗಿದ್ದೇ ತಡ, ನಮ್ಮವನು ತಲೆ ತಗ್ಗಿಸಿ, ಸರಪಳಿ ಬಿಟ್ಟು, ಗೆರೆಯ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ.

ನನಗೆ ಏನೂ ತಿಳಿಯಲಿಲ್ಲ. ಕಾಲು ಉಳುಕಿತೇನೋ ಅಂದುಕೊಂಡೆ. ಎರಡನೇ ಎಸೆತಕ್ಕೆ ಇನ್ನಿಬ್ಬರು ಹೋಗಿ ಕೂತರು. ಮೂರನೆಯದಕ್ಕೆ ಮೀಸೆಯವನೇ ಎದ್ದು ಹೋದ. ನಾನು ಓಡಿ ಹೋಗಿ, "ಯಾಕೋ, ಏನಾತೋ?" ಅಂದೆ.

"ಸತ್ತೆನಲ್ರೀ ಮಾಸ್ತರ. ಮುಟ್ಟಿದ್ರು."

ಹುತುತುವಿನಲ್ಲಿ ಎದುರಿನವ ಮುಟ್ಟಿ ಹೋದರೆ ನೀನು ಸತ್ತೆ. ಹೊರಗೆ ಕೂಡಬೇಕು. ನಿಮ್ಮ ಕಡೆಯವರು ಇನ್ನೊಬ್ಬನನ್ನು ಹೊಡೆದರೆ ಮಾತ್ರ ಜೀವ ಬರುತ್ತದೆ. ಅದು ಅವರ ರಕ್ತದಲ್ಲೇ ಇತ್ತು. ಸತ್ತ ಮೇಲೂ ಆಡುವುದು ಹೇಡಿತನವೆಂದು ಅವರ ಭಾವನೆ. "ಇದು ಹುತುತು ಅಲ್ಲೋ, ಏಳ್ರೋ!" ಎಂದು ನಾನು ಕೂಗಿದರೆ, "ಬ್ಯಾಡ್ರಿ ಮಾಸ್ತರ್ರೀ, ಮಂದಿ ನೋಡಾಕತ್ಯಾರ, ಅನ್ಯಾಯ ಆಗ್ತದ," ಎಂದು ಮೀಸೆಯವ ನನಗೇ ಬುದ್ಧಿ ಹೇಳಿದ.

ಪಾದ್ರಿ ಸಾಹೇಬರು ಪುಸ್ತಕ ಓದಿ ಕನ್ನಡ ಕಲಿತವರು. ನನ್ನ ಹತ್ತಿರ ಬಂದು ಬಹಳ ಕಳವಳದಿಂದ ಕೇಳಿದರು, "ನಿಮ್ಮ ಮನುಷ್ಯರು ವೃಕ್ಷದ ಕೆಳಗೆ ಯಾಕೆ ಕುಳಿತಿದ್ದಾರೆ? ಅಸ್ವಸ್ಥರೇ?"

"ಸತ್ತಾರ್ರಿ," ಅಂದೆ. ಬೇರೆ ಏನು ಹೇಳಬೇಕೋ ಹೊಳೆಯಲಿಲ್ಲ.

ಪಾದ್ರಿಗಳು ಗಾಬರಿಯಾಗಿ ಗಿಡದತ್ತ ಓಡಿದರು.

ತಾಲೀಮಾತ್ ಸಾಹೇಬರು ಖುರ್ಚಿಯಲ್ಲಿ ಕೂತು ಸರಪಳಿ ಎಳೆದರು, ಬಿಟ್ಟರು. ಕೊನೆಗೆ ಮೈದಾನದಲ್ಲಿ ನಮ್ಮ ಕಡೆಯವರು ಒಬ್ಬರೂ ಉಳಿಯಲಿಲ್ಲ. ನಾನು ಒಬ್ಬನೇ ಸೀಟಿ ಕಚ್ಚಿಕೊಂಡು ಗೆರೆಯ ಮೇಲೆ ನಿಂತಿದ್ದೆ. ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಗುಂಪಿನಲ್ಲಿ ಕೆಂಪು ಸೀರೆ ಕಂಡಿತು. ಮಾವನ ಮಗಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳ ಮುಂದೆ ನಿಂತಿದ್ದ ಮಾವ ಇಡೀ ಔರಾದಕ್ಕೆ ಕೇಳುವ ಹಾಗೆ ಕೂಗಿದ:

"ಅಳಿಯಾ, ನಿನ್ನ ಮಂದಿ ಎಲ್ಲಾರೂ ಸತ್ತರಲ್ಲೋ! ನೀ ಒಬ್ಬಾಂವ ಯಾಕ ಇನ್ನೂ ನಿಂತಿ?"

ನಕ್ಷೆ

ಎರಡು ಸೋತಾಗಿತ್ತು. ಉಳಿದದ್ದು ಒಂದೇ. ನಾನು ರಾವು ಬಡಿದವನಂತೆ ಕಾಗದದ ಮೇಲೆ ಗೆರೆ ಎಳೆಯತೊಡಗಿದೆ. ಅವರ ಕಡೆಯವರಿಗೆ ಗುಣಾಕಾರ, ನಮ್ಮವರಿಗೆ ಸೊನ್ನೆ, ಓಡುವ ದಾರಿಗೆ ಬಾಣ. ಎಸೆಯುವವನ ಮೇಲೇ ನಾಲ್ಕು ಮಂದಿ ಒಮ್ಮೆಗೇ ಬಿದ್ದರೆ ಅವನಿಗೆ ಎಸೆಯಲು ಪುರಸೊತ್ತೇ ಸಿಗುವುದಿಲ್ಲ ಎಂಬುದು ನನ್ನ ಹೊಸ ಉಪಾಯ. ನಾನು ಕಲಿತದ್ದು ಉರ್ದುವಿನಲ್ಲಿ, ಹಾಗಾಗಿ ಬರೆದದ್ದೂ ಉರ್ದುವಿನಲ್ಲೇ.

ಭಾಲ್ಕಿಯ ಕೋಟೆಯ ಹಿಂದಿನ ಬಯಲಿನಲ್ಲಿ ಏಳೂ ಜನರನ್ನು ಸುತ್ತ ಕೂಡಿಸಿ, ತಲೆಗೆ ತಲೆ ಹಚ್ಚಿ, ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಮಿಷನ್ನಿನವರ ಕಿವಿಗೆ ಬೀಳಬಾರದೆಂದು ಪಿಸುಮಾತು. ತಲೆ ಎತ್ತಿದರೆ ಅಮೀನ್ ಸಾಹೇಬರು ನಿಂತಿದ್ದಾರೆ. ಪೊಲೀಸ್ ಠಾಣೆಗೆ ಹೊಸದಾಗಿ ಬಂದ ಧಾರವಾಡ ಕಡೆಯವರು. ಹಿಂದೆ ಇಬ್ಬರು ಜವಾನರು.

"ಏನು ನಡದದ ಇಲ್ಲಿ?"

"ಆಟರೀ," ಅಂದೆ.

"ಚೆಂಡ ಎಲ್ಲದ?"

ಚೆಂಡು ಪಾದ್ರಿಗಳ ಹತ್ತಿರ ಬೀದರಿನಲ್ಲಿತ್ತು. ಇಡೀ ಜಿಲ್ಲೆಗೆ ಅದೊಂದೇ. ನಾವು ಅಷ್ಟೂ ದಿನ ಸೋರೆಕಾಯಿಯಲ್ಲಿ ಅಭ್ಯಾಸ ಮಾಡಿ, ಅದು ಒಡೆದ ಮೇಲೆ ಪಲ್ಯ ಮಾಡಿ ತಿಂದಿದ್ದೆವು. ಇದನ್ನೆಲ್ಲ ಅಮೀನರಿಗೆ ಹೇಗೆ ಹೇಳುವುದು?

ಠಾಣೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಅಂಗಡಿಯವರು ನಮ್ಮನ್ನು ನೋಡಿ ಅರ್ಧ ಬಾಗಿಲು ಹಾಕಿಕೊಂಡರು. ಅಮೀನರು ಕಾಗದವನ್ನು ಮೇಜಿನ ಮೇಲೆ ಹರಡಿ ನೋಡಿದರು, ತಿರುಗಿಸಿ ನೋಡಿದರು. ಅವರಿಗೆ ಉರ್ದು ಬಾರದು. ನನಗೇ ಓದಲು ಹೇಳಿದರು. ನನ್ನ ಕೈಬರಹವನ್ನು ನಾನೇ ಓದುತ್ತ ಹೋದ ಹಾಗೆ ನನಗೇ ಹೆದರಿಕೆ ಹತ್ತಿತು.

"ದುಶ್ಮನ್ ಈ ದಾರಿಲಿಂದ ಬರ್ತಾನ... ಸೀಟಿ ಆದ ಕೂಡ್ಲೇ ನಾಲ್ಕು ಮಂದಿ ಒಮ್ಮಿಗೇ ಬೀಳಬೇಕು... ಪಾದ್ರಿಗಳಿಗೆ ಸುಳಿವು ಹತ್ತಬಾರದು..."

"ಯಾವ ಊರಿನ ನಕ್ಷಾ ಇದು?" ಅಮೀನರ ದನಿ ತಗ್ಗಿತು.

ನೌಕರಿ ಹೋಯಿತು, ಮದುವೆ ಹೋಯಿತು, ಇನ್ನು ನಾನೂ ಹೋದೆ ಅಂದುಕೊಂಡೆ. ಆಗ ಮೀಸೆಯವ ಮುಂದೆ ಬಂದ. "ನಾ ತೋರಸ್ತೇನಿ ಬರ್ರಿ ಸಾಹೇಬ್ರ," ಎಂದು ಠಾಣೆಯ ಅಂಗಳದಲ್ಲಿ ಇಬ್ಬರು ಜವಾನರನ್ನು ಓಟಗಾರರನ್ನಾಗಿ ಮಾಡಿ ನಿಲ್ಲಿಸಿದ. ಅಮೀನರ ರುಮಾಲನ್ನೇ ಸುತ್ತಿ ಚೆಂಡು ಮಾಡಿದ. ಒಬ್ಬ ಜವಾನ ಎಸೆದ, ಇನ್ನೊಬ್ಬ ಓಡಿದ, ನಮ್ಮ ನಾಲ್ಕು ಮಂದಿ ಎಸೆದವನ ಮೇಲೆ ಬಿದ್ದರು. ಅಮೀನರು ಮೊದಲು ಲಾಠಿ ಎತ್ತಿದರು, ಆಮೇಲೆ ಇಳಿಸಿದರು, ಆಮೇಲೆ ಕಾಗದ ತಗೊಂಡು ಅಂಗಳದ ಮಧ್ಯೆ ಬಂದರು. "ಇನ್ನೊಮ್ಮೆ," ಅಂದರು. ಹಾಗೆ ಆರೇಳು ಸಲ ಆಯಿತು. ಪ್ರತಿ ಸಲವೂ ಚೆಂಡು ಮೊದಲೇ ಹೊರಟಿರುತ್ತಿತ್ತು. ಓಡಿದ ಜವಾನ ಖಾಲಿ ಬಿದ್ದ ಜಾಗದಲ್ಲಿ ಆರಾಮಾಗಿ ನಿಂತು ರುಮಾಲು ಹಿಡಿಯುತ್ತಿದ್ದ.

ಕೊನೆಗೆ ಅಮೀನರು ಪೆನ್ಸಿಲ್ ತಗೊಂಡು ನನ್ನ ನಕ್ಷೆಯ ಮೇಲೆ ಒಂದು ದೊಡ್ಡ ಸೊನ್ನೆ ಸುತ್ತಿದರು.

"ಗುನ್ಹೆ ಏನೂ ಇಲ್ಲ, ಹೋಗ್ರಿ," ಅಂದರು. "ಖರೆ ಮಾಸ್ತರ, ಎಲ್ಲಾರನೂ ಮುಂದ ಕಳಿಸಿ ಹಿಂದಿನ ಬಾಗಿಲಾ ತೆರದ ಇಟ್ಟೀರಿ. ಇಷ್ಟು ದಡ್ಡ ನಕ್ಷಾ ದಂಗೆಕೋರರದು ಇರಲಿಕ್ಕೆ ಸಾಧ್ಯ ಇಲ್ಲ ಅಂತ ನನಗ ಮೊದಲೇ ತಿಳೀಬೇಕಾಗಿತ್ತು."

ಅಪ್ಪನ ಪಾಠ

ಬೇರೆ ದಾರಿ ಕಾಣದೆ ಒಂದು ಆದಿತ್ಯವಾರ ಏಳು ಮಂದಿಯನ್ನೂ ಕಟ್ಟಿಕೊಂಡು ಸಂತಪುರಕ್ಕೆ ಹೋದೆ. ಅವ್ವ ರೊಟ್ಟಿ ಬಡಿದು ಬಡಿದು ಸುಸ್ತಾದಳು. ಅಪ್ಪ ಕುರಿಗಳನ್ನು ಹೊಲದ ಬದುವಿನಲ್ಲಿ ಬಿಟ್ಟು ಕಂಬಳಿಯ ಮೇಲೆ ಕೂತು ನನ್ನ ಗೋಳು ಪೂರಾ ಕೇಳಿದ.

"ಎಸಿಯಾಂವ ಒಬ್ಬ, ಓಡಾವ್ರು ಭಾಳ. ನೀವು ಓಡಾವ್ರ ಬೆನ್ನ ಹತ್ತೀರಿ. ಆಮ್ಯಾಲ ಎಸಿಯಾಂವನ ಮ್ಯಾಲ ಬಿದ್ದೀರಿ. ಹೌದಿಲ್ಲ?"

"ಹೌದಪ್ಪ."

"ತೋಳ ಹ್ಯಾಂಗ ಬರ್ತದ ಹೇಳು. ಒಂದು ತೋಳ ಎದುರಿಗೆ ಬಂದು ಮಾರಿ ತೋರಸ್ತದ. ಕುರುಬ ಹುಂಬ ಇದ್ರ ಕೋಲ ತಗೊಂಡು ಅದರ ಬೆನ್ನ ಹತ್ತತಾನ. ಇನ್ನೊಂದು ತೋಳ ಹಿಂದಿನಿಂದ ಬಂದು ಕುರಿ ಒಯ್ತದ. ಶಾಣ್ಯಾ ಇದ್ದಾಂವ ತೋಳದ ಬೆನ್ನ ಹತ್ತೂದಿಲ್ಲ. ತನ್ನ ಜಾಗಾ ಬಿಡೂದಿಲ್ಲ. ಆ ತೋಳ ಯಾ ಕಡಿ ನೋಡ್ತದ, ಅದನ್ನ ನೋಡ್ತಾನ."

ನನಗೆ ಕಣ್ಣು ತೆರೆದ ಹಾಗಾಯಿತು. ಮೈದಾನವನ್ನು ಏಳು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪಾಲು. ಅವನವನ ಪಾಲಿಗೆ ಯಾರು ಬಂದರೂ ಅವನೇ ಕಾಯಬೇಕು, ಗೆರೆ ದಾಟಿ ಯಾರ ಬೆನ್ನೂ ಹತ್ತಬಾರದು, ಕಣ್ಣು ಎಸೆಯುವವನ ಕಣ್ಣಿನ ಮೇಲೆ. ಇಬ್ಬರು ಎಲ್ಲರಿಗಿಂತ ಹಿಂದೆ, ಹಿಂದಿನ ಬಾಗಿಲಿಗೆ. "ಇದು ನಿಮ್ಮ ನಿಮ್ಮ ಹಿಂಡು ಅಂತ ತಿಳ್ಕೊಂಡು ಕಾಯ್ರಿ," ಎಂದು ಎಲ್ಲರಿಗೂ ಹೇಳಿದೆ. ಮೀಸೆಯವ ತಲೆ ಅಲ್ಲಾಡಿಸಿದ. ಅವನಿಗೆ ಇದು ಪೂರಾ ತಿಳಿಯಿತು ಅನ್ನುವುದು ಅವನ ಮುಖದಲ್ಲೇ ಕಂಡಿತು.

ಅಷ್ಟರಲ್ಲಿ ಅಪ್ಪ ಹಿಂಡಿನಲ್ಲಿ ಒಂದು ಹೊರಗಿನ ಕುರಿ ಸೇರಿದ್ದನ್ನು ನೋಡಿದ. ಕಿವಿಯ ಗುರುತು ನಮ್ಮದಲ್ಲ, ಬಾಜೂ ಊರಿನ ಕುರಿಗಾರರದು. ಹಿಂಡಿಗೆ ಬೇರೆಯವರ ಕುರಿ ಬಂದರೆ ಹೊತ್ತು ಮುಳುಗುವುದರೊಳಗೆ ತಿರುಗಿ ಮುಟ್ಟಿಸಬೇಕು. ನಮ್ಮಲ್ಲಿ ಅದು ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು. ಎಲ್ಲರಿಗಿಂತ ಗಟ್ಟಿ ಹೆಗಲು ಮೀಸೆಯವನದು. ಅವನೇ ಅದನ್ನು ಹೊತ್ತು ಬಾಜೂ ಊರಿಗೆ ಹೋಗಿ ಕೊಟ್ಟು ಬಂದ. ಅವರು ಕೊಟ್ಟ ಮಜ್ಜಿಗೆ ಕುಡಿದು ಬಹಳ ಖುಷಿಯಾಗಿದ್ದ.

ಅವನು ಬಂದ ಮೇಲೆ ಅಭ್ಯಾಸ. ಅಪ್ಪನೇ ಎಸೆಗಾರ, ಕಂಬಳಿಯ ಉಂಡೆಯೇ ಚೆಂಡು. ಅಪ್ಪ ಬಲಕ್ಕೆ ನೋಡಿ ಎಡಕ್ಕೆ ಎಸೆದ. ಇಷ್ಟು ಹೊತ್ತು ಹೇಳಿದ್ದು ನೀರಿನಲ್ಲಿ ಹೋಮ. ಆರೂ ಮಂದಿ ಹೋ ಎಂದು ಬಲಕ್ಕೆ ಓಡಿದರು. ಮೀಸೆಯವ ಒಬ್ಬ ನಿಂತ. ಇನ್ನೊಂದು ಜೀವ ನಿಂತಿತ್ತು, ನಮ್ಮ ಕುರಿನಾಯಿ. ಬದುವಿನ ಮೇಲೆ ತನ್ನ ಜಾಗದಲ್ಲೇ ಕೂತು, ಅಪ್ಪನ ಕಣ್ಣನ್ನೇ ನೋಡುತ್ತಿತ್ತು.

ಅಪ್ಪ ನಾಯಿಯನ್ನು ನೋಡಿದ, ಓಡಿದ ಆರು ಮಂದಿಯನ್ನು ನೋಡಿದ. "ಮಾಸ್ತರ," ಅಂದ. ನಾನು ತಪ್ಪು ಮಾಡಿದಾಗ ಮಾತ್ರ ಅಪ್ಪ ನನ್ನನ್ನು ಹಾಗೆ ಕರೆಯುತ್ತಿದ್ದ. "ಇವ್ರನ್ನ ಕುರಿ ಕಾಯಾಕ ಬಿಟ್ಟು, ನಾಯಿಗೆ ಸಾಲ್ಯಾಗ ಹೆಸರ ಹಚ್ಚು."

ಅಷ್ಟು ಕಂಗೆಟ್ಟಿದ್ದೆ ಅಂದರೆ, ಹಾಜರಿ ಪುಸ್ತಕದಲ್ಲಿ ಯಾವ ಹೆಸರಿನ ಕೆಳಗೆ ಜಾಗ ಖಾಲಿ ಇದೆ ಎಂದು ಒಂದು ಗಳಿಗೆ ನಾನು ನಿಜವಾಗಿಯೂ ನೆನಪು ಮಾಡಿಕೊಂಡೆ.

ಹಿಡಿದವನದೋ, ಕಳಕೊಂಡವನದೋ

ಕೊನೆಯ ಆಟ ಬೀದರಿನ ಅಂಚಿಗೆ, ನೌಬಾದದ ಹತ್ತಿರದ ಕೆಂಪು ಮಣ್ಣಿನ ಬಯಲಿನಲ್ಲಿ. ಊರೆಲ್ಲ ಬಂದಿತ್ತು. ಎರಡು ವರ್ಷದ ಮೇಲೆ ಎಲ್ಲ ಓಣಿಯವರೂ ಒಂದು ಕಡೆ ನೆರೆದದ್ದು ಅದೇ ಮೊದಲು. ನೆರೆದಿದ್ದರೂ ಇವರು ಈ ಬದಿ, ಅವರು ಆ ಬದಿ. ನಡುವೆ ಒಂದು ಖಾಲಿ ಓಣಿಯಷ್ಟು ಜಾಗ. ತಾಲೀಮಾತ್ ಸಾಹೇಬರ ಖುರ್ಚಿ ಸರಿಯಾಗಿ ಆ ಖಾಲಿ ಜಾಗದಲ್ಲಿತ್ತು. ಔರಾದದಿಂದ ಮಾವನೂ ಬಂದಿದ್ದ, ಮಗಳೂ ಬಂದಿದ್ದಳು.

ಕಾವಲು ನಿಂತಿತು! ಏಳು ಮಂದಿ ಏಳು ಪಾಲಿನಲ್ಲಿ ಗೂಟ ಹೊಡೆದ ಹಾಗೆ. ಎಸೆಗಾರ ಬಲಕ್ಕೆ ನೋಡಿದ, ಯಾರೂ ಓಡಲಿಲ್ಲ. ಎಡಕ್ಕೆ ನೋಡಿದ, ಅಲ್ಲೂ ನಮ್ಮವನಿದ್ದ. ಎಸೆದ ಚೆಂಡನ್ನು ನಮ್ಮವರು ಕೈಯಿಂದ ಬಡಿದು ಬಡಿದು ಕೆಡವಿದರು. ಪಾದ್ರಿ ಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಕೊನೆಗೆ ನಮ್ಮದು ಎರಡು ಗೆಲುವು, ಅವರದು ಒಂದು. ಉಳಿದದ್ದು ಒಂದು ಗಳಿಗೆ. ಇದೊಂದು ಎಸೆತ ತಡೆದರೆ ಮುಗಿಯಿತು. ನಾನು ಸೀಟಿಯ ದಾರವನ್ನು ಕಚ್ಚಿ ಕಚ್ಚಿ ಎರಡು ತುಂಡು ಮಾಡಿದ್ದೆ.

ಎಸೆಗಾರ ಹಿಂದೆ ಸರಿದ. ಎತ್ತರಕ್ಕೆ ಎಸೆದ. ಚೆಂಡು ಹಿಂದಿನ ಪಾಲಿಗೆ, ಮೀಸೆಯವನ ಕಡೆಗೆ ಬಂತು. ಅವನು ಎಸೆಯುವವನ ಕಣ್ಣು ನೋಡಿ ಮೊದಲೇ ಅಲ್ಲಿ ನಿಂತಿದ್ದ. ಎರಡೂ ಕೈ ಚಾಚಿದ. ಚೆಂಡು ಅವನ ಎದೆಗೆ ಬಂದು ಕೂತಿತು.

ಮೂರು ಆಟಗಳಲ್ಲಿ ಅವರ ಎಸೆತವನ್ನು ನಮ್ಮವನೊಬ್ಬ ಹಿಡಿದದ್ದು ಅದೇ ಮೊದಲು. ಊರು ಹೋ ಎಂದಿತು. ಗೆದ್ದೆವು ಎಂದು ನಾನು ಹಾರಿದೆ. ಹಾರಿದವನು ನೆಲಕ್ಕೆ ಬರುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಹಿಡಿದರೆ ಏನು ಮಾಡಬೇಕು ಎಂದು ನಾನು ಅವರಿಗೆ ಹೇಳಿರಲೇ ಇಲ್ಲ. ತಡೆಯುವುದನ್ನೇ ಯೋಚಿಸಿ ಯೋಚಿಸಿ, ನಮ್ಮವರು ಒಂದು ದಿನ ಹಿಡಿದಾರು ಎಂಬುದು ನನ್ನ ಕನಸಿನಲ್ಲೂ ಬಂದಿರಲಿಲ್ಲ.

ಮೀಸೆಯವ ಚೆಂಡನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ಕುರಿಮರಿಯನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, ನಿಧಾನವಾಗಿ ಮೈದಾನದ ಉದ್ದಕ್ಕೂ ನಡೆದ. ಅವನನ್ನು ಹಿಡಿಯಬೇಕೆಂದು ಮಿಷನ್ನಿನವರಿಗೂ ಹೊಳೆಯಲಿಲ್ಲ, ಬೆಕ್ಕಸಬೆರಗಾಗಿ ದಾರಿ ಬಿಟ್ಟರು. ಸೀದಾ ಎಸೆಗಾರನ ಹತ್ತಿರ ಹೋಗಿ ಚೆಂಡನ್ನು ಅವನ ಕೈಗಿಟ್ಟ.

"ನಿಮ್ಮದು ನಮ್ಮ ಕಡಿ ಬಂದಿತ್ತರಿ. ತಗೋರಿ."

ಎಸೆಗಾರ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆದರೆ ಆಟಗಾರ ಆಟಗಾರನೇ. ಎಸೆದುಬಿಟ್ಟ. ಗೆದ್ದೆವೆಂದು ನಗುತ್ತ ನಿಂತಿದ್ದ ನಮ್ಮವರ ನಡುವಿನಿಂದ ಅವರ ಓಟಗಾರ ಚೆಂಡು ಹಿಡಿದು ಗೆರೆ ದಾಟಿದ. ಎರಡಕ್ಕೆ ಎರಡು. ಆಟ ಮುಗಿಯಿತು. ಗೆಲುವಿಲ್ಲ.

ನಾನು ಅಲ್ಲೇ ಮಣ್ಣಿನಲ್ಲಿ ಕೂತೆ. ಕೆಂಪು ಸೀರೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಪಾದ್ರಿ ಸಾಹೇಬರು ನ್ಯಾಯವಂತರು. ಓಡಿ ಬಂದು ಮೀಸೆಯವನಿಗೆ ಹೇಳಿದರು, "ಸಹೋದರ, ತಾವು ತಪ್ಪು ಮಾಡಿದಿರಿ. ಅದು ತಮ್ಮ ಚೆಂಡು. ಈ ಆಟದಲ್ಲಿ ಯಾರು ಹಿಡಿದರೋ ಅವರದೇ ಚೆಂಡು."

ಮೀಸೆಯವನಿಗೆ ಸಿಟ್ಟು ಬಂತು. "ಹಿಡದಾವಂದ ಹ್ಯಾಂಗ ಆಗ್ತದರೀ ಸಾಹೇಬ್ರ? ಸರದಿ ಅವರದು, ಚೆಂಡ ಅವರದು, ತಪ್ಪಿ ನನ್ನ ಪಾಲಿಗೆ ಬಂತು. ಹಿಡದಾವಂದಲ್ಲರಿ. ಕಳಕೊಂಡಾವಂದು."

ನಗುತ್ತಿದ್ದ ಮಂದಿ ಯಾಕೋ ಸುಮ್ಮನಾದರು. ಈ ಬದಿಯವರೂ, ಆ ಬದಿಯವರೂ. ಕೆಲವರು ನೆಲ ನೋಡಿದರು.

ತಾಲೀಮಾತ್ ಸಾಹೇಬರು ಖುರ್ಚಿಯಿಂದ ಎದ್ದು ಬಂದಿದ್ದರು. ಅವರ ಕೈ ಸರಪಳಿಯ ಮೇಲಿತ್ತು. ಈ ಸಲ ನಾನು ಬೇರೆ ಕಡೆ ನೋಡಲಿಲ್ಲ.

"ಏನಂದಿ ತಮ್ಮಾ? ಇನ್ನೊಮ್ಮೆ ಹೇಳು," ಅಂದರು.

ಮೀಸೆಯವ ಹೆದರಿದ. ತಪ್ಪು ಮಾತಾಡಿದೆನೋ ಏನೋ ಎಂದು ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದ, "ಕಳಕೊಂಡಾವಂದು ಅಂದೆನ್ರಿ."

ಸಾಹೇಬರು ಸರಪಳಿ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ಇವನಿಗೆ ಯಾರು ಕಲಿಸಿದ್ರು ಮಾಸ್ತರ?"

ನಾನು ಎದ್ದು ಕೈಕಟ್ಟಿ ನಿಂತು, "ನನ್ನ ತಪ್ಪಾತ್ರಿ ಸಾಹೇಬ್ರ. ಹಿಂಡು ಕಾಯ್ದಂಗ ಕಾಯ್ರಿ ಅಂತ ನಾನೇ ಕಲಿಸಿದೆ," ಅಂದೆ.

"ಎರಡು ವರ್ಷ ಆತು," ಅಂದರು ಸಾಹೇಬರು. "ಈ ಜಿಲ್ಲಾದಾಗ ಕೈಗೆ ಬಂದದ್ದನ್ನ ತಿರುಗಿ ಕೊಟ್ಟಾವನ್ನ ಇವತ್ತ ನೋಡಿದೆ."

ಖುರ್ಚಿಗೆ ಮರಳಿ, ಅದರ ತೋಳಿನ ಮೇಲೆ ಮೊಹರಿನ ಕಾಗದವಿಟ್ಟು ಬರೆದರು. ನಾನು ಉರ್ದು 'ಕಾಯಂ' ಎಂಬ ಶಬ್ದವನ್ನು ತಲೆಕೆಳಗಿನಿಂದಲೇ ಓದಿದೆ. ಅದರ ಮೇಲೊಂದು ಸಾಲಿತ್ತು: "ಈ ಮಾಸ್ತರರಿಗೆ ಆಟ ಬರುವುದಿಲ್ಲ." ಅದಕ್ಕೆ ನನ್ನ ತಕರಾರಿಲ್ಲ.

ಎರಡೂ ಬದಿಯ ಮಂದಿ ಮೀಸೆಯವನನ್ನು ನೋಡಲು ನಡುವಿನ ಖಾಲಿ ಜಾಗಕ್ಕೇ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಮಾವ ನನ್ನನ್ನು ಹುಡುಕಿಕೊಂಡು ಬಂದ. ಹಿಂದೆ ಅವನ ಮಗಳು. ಮಾವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ, ಮೊಹರು ಕಂಡರೆ ಸಾಕಾಗಿತ್ತು.

"ಆತಳ್ಪಾ, ಕಾಯಂ ಆತು. ಅಕ್ಷತಿ ಹಾಕ್ತೇನಿ," ಅಂದ. ಆಮೇಲೆ ಮುಖ ಗಂಟಿಕ್ಕಿದ. "ಖರೆ ಅಳಿಯಾ, ಒಂದು ಕರಾರು. ನಿಮ್ಮ ಮಂದಿ ರೂಢಿ ಕಣ್ಣಾರೆ ನೋಡೀನಿ. ನನ್ನ ಮಗಳನ್ನ ನಿನ್ನ ಕೈಗೆ ಕೊಟ್ಟ ಮ್ಯಾಲ, 'ನಿಮ್ಮದು ನಮ್ಮ ಕಡಿ ಬಂದಿತ್ತರಿ' ಅಂತ ತಿರುಗಿ ತಂದು ಕೊಡಬ್ಯಾಡ ಮತ್ತ."

ಬೆಳಿಗ್ಗೆಯಿಂದ ಉಪವಾಸ, ಎದೆಯ ಡವಡವ ಇನ್ನೂ ನಿಂತಿಲ್ಲ. ನನಗೆ ಅದು ತಮಾಷೆ ಎಂದು ತಿಳಿಯಲೇ ಇಲ್ಲ. ಕೈಮುಗಿದು ಖರೇಖರೆ ಹೇಳಿದೆ:

"ಇಲ್ಲ ಮಾವ, ಆಣಿ ಮಾಡ್ತೇನಿ. ಇನ್ನ ಮ್ಯಾಲ ಕೈಗೆ ಸಿಕ್ರ ಎದಿಗೆ ಅವುಚಿಕೊಂಡು ಓಡೂದು, ತಿರುಗಿ ನೋಡೂದಿಲ್ಲ!"

ಸೆರಗು ಬಾಯಿಗೆ ತುರುಕಿಕೊಳ್ಳುವುದಕ್ಕೂ ಅವಳಿಗೆ ಪುರಸೊತ್ತಾಗಲಿಲ್ಲ. ಮಾವ ನಕ್ಕ, ಪಾದ್ರಿಗಳು ನಕ್ಕರು, ಸುತ್ತಲಿನ ಎರಡೂ ಬದಿಯವರು ಒಬ್ಬರ ಹೆಗಲಿಗೊಬ್ಬರು ಆತು ನಕ್ಕರು. ತಾಲೀಮಾತ್ ಸಾಹೇಬರು ಖಾಲಿ ಸರಪಳಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನೊಬ್ಬನೇ ನಗದೆ, ಏನು ತಪ್ಪು ಹೇಳಿದೆ ಎಂದು ಯೋಚಿಸುತ್ತ ನಿಂತಿದ್ದೆ.